ಬ್ಯಾಂಕಿನ ಬಾಗಿಲಲ್ಲಿ ಬಿಟ್ಟ ಚಪ್ಪಲಿ

(ಸಾಗರದ ಕಾಲೇಜೊಂದರಲ್ಲಿ ಕಾಮರ್ಸ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳನ್ನು ಬರೆದಿಟ್ಟಿದ್ದೇನೆ. ಅವತ್ತು ಸಮಯ ಸಾಲದೆ ಬಿಟ್ಟುಹೋಗಿದ್ದ ಒಂದೆರಡು ವಿಷಯ ಇಲ್ಲಿ ಸೇರಿಕೊಂಡಿವೆ.)

ಎಲ್ಲರಿಗೂ ನಮಸ್ಕಾರ. ಕೆಲಸದ ಜಾಗದ ಉಡುಪು, ಗ್ರಾಹಕರ ಸೇವೆ, ಇವು ಹೇಗೆ ಬದಲಾಗಿವೆ ಅಂತ ಮಾತಾಡಿ ಎಂದು ನಿಮ್ಮ ಪ್ರಾಂಶುಪಾಲರು ಹೇಳಿದ್ದರು. ನಾನು ಮಾತಾಡಬಲ್ಲೆ, ಆದರೆ ಬ್ಯಾಂಕಿನ ಬಗ್ಗೆ ಮಾತ್ರ. 1984ರಲ್ಲಿ ಬಿ.ಎಸ್.ಆರ್.ಬಿ. (ಆಗ ಬ್ಯಾಂಕುಗಳಿಗೆ ನೌಕರರನ್ನು ಆರಿಸುತ್ತಿದ್ದ ಮಂಡಳಿ) ಪರೀಕ್ಷೆ ಬರೆದು ಕ್ಲರ್ಕ್ ಆಗಿ ಸೇರಿದವಳು, 2021ರಲ್ಲಿ ನಿವೃತ್ತಳಾದೆ. ಹೆಚ್ಚು ವರ್ಷ ಮಲೆನಾಡಿನ ಶಾಖೆಗಳಲ್ಲೇ ಕಳೆದೆ.

ಮೊದಲು ಚಪ್ಪಲಿಯ ಮಾತು ಹೇಳ್ತೀನಿ.

ನಾನು ಸೇರಿದ ಮೊದಲ ಶಾಖೆ ಒಂದು ಹಳೇ ಹಂಚಿನ ಮನೆಯಲ್ಲಿತ್ತು. ಮುಂದೆ ಜಗಲಿ, ಮರದ ಕಂಬ. ಬೆಳಿಗ್ಗೆ ಹತ್ತೂವರೆಗೆ ನೋಡಿದರೆ ಜಗಲಿಯ ಕೆಳಗೆ ಹತ್ತು-ಹದಿನೈದು ಜೊತೆ ಚಪ್ಪಲಿ. ಬಿಡಿ ಅಂತ ಯಾರೂ ಹೇಳಿರಲಿಲ್ಲ, ಅಂಥ ಬೋರ್ಡೂ ಇರಲಿಲ್ಲ. ತೋಟದ ಕೆಲಸದವರು, ಗದ್ದೆ ಗೇಣಿಯವರು, ವಿಧವಾ ವೇತನಕ್ಕೆ ಬರುವ ಹೆಂಗಸರು ತಾವಾಗಿಯೇ ಬಿಟ್ಟು ಬರುತ್ತಿದ್ದರು. ಗಂಡಸರು ಒಳಗೆ ಕಾಲಿಡುವಾಗ ತಲೆಗೆ ಸುತ್ತಿದ ಟವೆಲ್ ಬಿಚ್ಚಿ ಕಂಕುಳಲ್ಲಿ ಇಟ್ಟುಕೊಳ್ಳೋರು. ಅಡಿಕೆ ಮಂಡಿಯ ಸಾಹುಕಾರರು ಮಾತ್ರ ಮೆಟ್ಟು ಹಾಕಿಕೊಂಡೇ ಮ್ಯಾನೇಜರ್ ರೂಮಿಗೆ ಹೋಗುತ್ತಿದ್ದರು.

ನನಗೆ ಆಗ ಇಪ್ಪತ್ಮೂರು ವಯಸ್ಸು. ಜನ ಎಷ್ಟು ಮರ್ಯಾದೆ ಕೊಡ್ತಾರೆ ಅಂತ ಖುಷಿಪಟ್ಟಿದ್ದೆ. ಅದು ಮರ್ಯಾದೆ ಅಲ್ಲ, ಹೆದರಿಕೆ ಅಂತ ಅರ್ಥವಾಗೋಕೆ ನನಗೆ ತುಂಬಾ ದಿನ ಬೇಕಾಯ್ತು. ಉಡುಪಿನ ನಿಯಮ ಅಂದರೆ ಕೆಲಸ ಮಾಡುವವರಿಗೆ ಮಾತ್ರ ಅಂತ ನಾವು ಅಂದುಕೊಳ್ತೀವಿ. ಕೌಂಟರಿನ ಆಚೆ ನಿಂತವರಿಗೂ ಒಂದು ನಿಯಮ ಇರುತ್ತದೆ. ಅದನ್ನು ಎಲ್ಲೂ ಬರೆದಿರುವುದಿಲ್ಲ, ಆದರೆ ಎಲ್ಲರಿಗೂ ಗೊತ್ತಿರುತ್ತದೆ.

ಹಳೇ ಕಾಲದ ಸೇವೆ ಬಹಳ ಚೆನ್ನಾಗಿತ್ತು ಅಂತ ನಾನು ಹೇಳೋದಿಲ್ಲ. ಚೆನ್ನಾಗಿರಲಿಲ್ಲ. ಹಣ ತೆಗೆಯಬೇಕಾದರೆ ಸ್ಲಿಪ್ ಬರೆದು ಕೊಟ್ಟು ಹಿತ್ತಾಳೆಯ ಟೋಕನ್ ತಗೊಂಡು ಕೂರಬೇಕಿತ್ತು. ಕ್ಲರ್ಕ್ ಆ ದೊಡ್ಡ ಲೆಡ್ಜರ್ ತೆಗೆದು ಎಂಟ್ರಿ ಹಾಕಿ, ಆಫೀಸರ್ ಸಹಿ ತಾಳೆ ನೋಡಿ ಪಾಸ್ ಮಾಡಿ, ಅದು ಕ್ಯಾಶಿಯರ್ ಹತ್ತಿರ ಹೋಗಿ, ಅವರು ನಂಬರ್ ಕೂಗುವ ಹೊತ್ತಿಗೆ ಅರ್ಧ ಗಂಟೆ, ಒಮ್ಮೊಮ್ಮೆ ಒಂದು ಗಂಟೆ. ಅಷ್ಟರಲ್ಲಿ ಊರಿಗೆ ಹೋಗುವ ಬಸ್ಸು ಹೋಗಿರುತ್ತಿತ್ತು. ‘ನಾಳೆ ಬನ್ನಿ’ ಅನ್ನೋದು ನಮ್ಮ ಬಾಯಲ್ಲಿ ಸಲೀಸಾಗಿ ಬರುತ್ತಿತ್ತು. ಬ್ಯಾಂಕುಗಳ ಗ್ರಾಹಕ ಸೇವೆ ಸರಿಮಾಡಬೇಕು ಅಂತ 1975ರಲ್ಲಿ ತಲ್ವಾರ್ ಸಮಿತಿ ಕೂತಿತು, 1990ರಲ್ಲಿ ಗೋಯಿಪೋರಿಯಾ ಸಮಿತಿ, 2010ರಲ್ಲಿ ದಾಮೋದರನ್ ಸಮಿತಿ. ಎಲ್ಲವೂ ಸರಿಯಿದ್ದಿದ್ದರೆ ಮೂರು ಸಲ ಕೂರಬೇಕಿತ್ತಾ?

ಅದಕ್ಕಿಂತ ಹಿಂದೆ ಏನಾಗಿತ್ತು ಅನ್ನೋದನ್ನು ಮಾತ್ರ ನೀವು ತಿಳಿದಿರಬೇಕು. ನಮ್ಮ ಕರಾವಳಿ ಬ್ಯಾಂಕುಗಳ ತವರು. ಕೆನರಾ ಬ್ಯಾಂಕ್ 1906ರಲ್ಲಿ ಮಂಗಳೂರಿನಲ್ಲಿ, ಕಾರ್ಪೊರೇಷನ್ ಬ್ಯಾಂಕ್ ಅದೇ ವರ್ಷ ಉಡುಪಿಯಲ್ಲಿ, ವಿಜಯಾ ಬ್ಯಾಂಕ್ 1931ರಲ್ಲಿ ಮತ್ತೆ ಮಂಗಳೂರಿನಲ್ಲಿ. ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ ಉಡುಪಿಯಲ್ಲಿ 1925ರಲ್ಲಿ ಶುರುವಾಯ್ತು. ಎಂಟು ಸಾವಿರ ರೂಪಾಯಿ ಬಂಡವಾಳ. ಡಾ. ಟಿ.ಎಂ.ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವ, ಈ ಮೂವರು ಕಟ್ಟಿದ್ದು. ಕೈಮಗ್ಗದ ಕೆಲಸ ಕುಸಿದು ಕಷ್ಟದಲ್ಲಿದ್ದ ನೇಕಾರರಿಗೆ ಹಣದ ನೆರವು ಕೊಡೋಣ ಅನ್ನೋದೇ ಆರಂಭದ ಉದ್ದೇಶವಾಗಿತ್ತು. ಬಟ್ಟೆ ನೇಯುವವರಿಗಾಗಿ ಹುಟ್ಟಿದ ಬ್ಯಾಂಕು ಅದು.

1928ರಲ್ಲಿ ಅವರು ಪಿಗ್ಮಿ ತಂದರು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಏಜೆಂಟ್ ಮನೆ ಬಾಗಿಲಿಗೆ, ಅಂಗಡಿ ಬಾಗಿಲಿಗೆ ಬಂದು ತಗೊಂಡು ಹೋಗ್ತಾರೆ. ಇದನ್ನು ಉಳಿತಾಯ ಯೋಜನೆ ಅಂತ ನೀವು ಪಠ್ಯದಲ್ಲಿ ಓದಿರಬಹುದು. ನಾನು ಇದನ್ನು ಉಡುಪಿನ ಕಡೆಯಿಂದ ನೋಡ್ತೀನಿ. ಮೀನು ಮಾರುವ ಹೆಂಗಸು ಬ್ಯಾಂಕಿಗೆ ಹೋಗಬೇಕಾದರೆ ವ್ಯಾಪಾರ ಬಿಟ್ಟು, ಮನೆಗೆ ಹೋಗಿ ಕೈಕಾಲು ತೊಳೆದು ಬೇರೆ ಸೀರೆ ಉಡಬೇಕು. ಏಜೆಂಟ್ ಬುಟ್ಟಿಯ ಹತ್ತಿರವೇ ಬಂದರೆ ಅವಳು ಹೇಗಿದ್ದಾಳೋ ಹಾಗೇ ಬ್ಯಾಂಕಿನ ಗ್ರಾಹಕಿ. ಒದ್ದೆ ಕೈಯಲ್ಲೇ ಕಾಸು ಕೊಡ್ತಾಳೆ, ಅವರು ತಗೋತಾರೆ. ನಮ್ಮ ಶಾಖೆಯ ಪಿಗ್ಮಿ ಕಲೆಕ್ಟರ್ ಒಬ್ಬರಿದ್ದರು. ಕೊಡೆ, ಹೆಗಲಿಗೊಂದು ಬ್ಯಾಗು, ಸೈಕಲ್, ಮಳೆಗಾಲದಲ್ಲಿ ಮೊಣಕಾಲಿನವರೆಗೆ ಮಡಚಿದ ಪ್ಯಾಂಟು. ಅವರಿಗೆ ಸಮವಸ್ತ್ರವೇ ಇರಲಿಲ್ಲ. ಊರಿನಲ್ಲಿ ಯಾರ ಮಗಳಿಗೆ ಮದುವೆ ಗೊತ್ತಾಗಿದೆ, ಯಾರು ಆಸ್ಪತ್ರೆಯಲ್ಲಿದ್ದಾರೆ, ಯಾರಿಗೆ ಈ ವಾರ ಕಟ್ಟೋಕೆ ಆಗಲ್ಲ, ಎಲ್ಲ ಗೊತ್ತಿತ್ತು. ಹೀಗೆ ಬೀದಿ ಸುತ್ತಿದವರನ್ನು ಬ್ಯಾಂಕಿನ ಕಾರ್ಮಿಕರು ಅಂತ ಸುಪ್ರೀಂ ಕೋರ್ಟ್ ಒಪ್ಪಿಕೊಂಡಿದ್ದು 2001ರಲ್ಲಿ. ಯೋಜನೆ ಶುರುವಾಗಿ ಎಪ್ಪತ್ಮೂರು ವರ್ಷ ಆದ ಮೇಲೆ!

ಈಗ ನನ್ನ ಬಟ್ಟೆಯ ಕಥೆಗೆ ಬರ್ತೀನಿ. ಆಗೆಲ್ಲ ಹೆಂಗಸರು ಅಂದರೆ ಸೀರೆ. ಬರೆದ ನಿಯಮ ಇರಲಿಲ್ಲ, ಆದರೂ ಸೀರೆಯೇ. 1992ರ ಹೊತ್ತಿಗೆ ನಾನು ಲೂನಾ ಮೊಪೆಡ್ ತಗೊಂಡಿದ್ದೆ. ಒಂದು ದಿನ ಸೆರಗು ಹಿಂದಿನ ಚಕ್ರಕ್ಕೆ ಸಿಕ್ಕಿ ಬಿದ್ದೆ. ಮೊಣಕೈ ತರಚಿತು, ಅಷ್ಟೇ, ಪುಣ್ಯಕ್ಕೆ ಹಿಂದೆ ಲಾರಿ ಇರಲಿಲ್ಲ. ಮಾರನೇ ವಾರದಿಂದ ಚೂಡಿದಾರ್ ಹಾಕಿಕೊಂಡು ಹೋದೆ. ಮ್ಯಾನೇಜರ್ ಕರೆದು, ‘ಇದೇನಮ್ಮ, ಕಾಲೇಜಿಗೆ ಬಂದ ಹಾಗೆ ಬಂದಿದ್ದೀರಿ, ಗ್ರಾಹಕರು ಏನಂದುಕೊಳ್ತಾರೆ?’ ಅಂದರು. ಕೆಟ್ಟವರೇನಲ್ಲ, ಅವರಿಗೆ ನಿಜವಾಗಿಯೂ ಆತಂಕ ಆಗಿತ್ತು. ನಾನು ಬಿದ್ದಿದ್ದನ್ನು ಹೇಳಿದೆ. ಸುಮ್ಮನಾದರು.

ಗ್ರಾಹಕರು ಏನಂದುಕೊಂಡರು ಗೊತ್ತಾ? ಎರಡು ದಿನ ಆದ ಮೇಲೆ ಪಾಸ್‌ಬುಕ್ ತಂದ ಒಬ್ಬ ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ಇದು ಒಳ್ಳೇದಾಯ್ತು ಬಿಡು ತಂಗಿ, ಗಾಡಿಗೆ ಸಿಕ್ಕಾಕ್ಕೊಳ್ಳಲ್ಲ’ ಅಂದಳು. ಅವಳ ಮಾತಿನ ನಂತರ ನನಗೊಂದು ವಿಷಯ ಹೊಳೆಯಿತು. ‘ಗ್ರಾಹಕರು ಏನಂದುಕೊಳ್ತಾರೆ’ ಅಂತ ಯಾರಾದರೂ ಹೇಳಿದಾಗ ಒಮ್ಮೆ ಗ್ರಾಹಕರನ್ನೇ ಕೇಳಬೇಕು. ತುಂಬಾ ಸಲ ಅವರು ಏನೂ ಅಂದುಕೊಂಡಿರುವುದಿಲ್ಲ. ಅವರಿಗೆ ಬೇಕಾಗಿರೋದು ಹಣ, ಸರಿಯಾದ ಲೆಕ್ಕ, ಮತ್ತೆ ಬಸ್ಸು.

ಉಡುಪಿನ ನಿಯಮವೇ ಬೇಡ ಅಂತ ನಾನು ಹೇಳ್ತಿಲ್ಲ. ಅಡುಗೆ ಮನೆಯಲ್ಲಿ ತಲೆಗೆ ಟೋಪಿ ಯಾಕೆ? ಅನ್ನದಲ್ಲಿ ಕೂದಲು ಬೀಳಬಾರದು. ಕಂಡಕ್ಟರಿಗೆ ಖಾಕಿ ಯಾಕೆ? ರಶ್ಶಿನ ಬಸ್ಸಿನಲ್ಲಿ ಗುರುತು ಸಿಗಬೇಕು. ಇಂಥ ಬಟ್ಟೆ ಒಂದು ಕೆಲಸ ಮಾಡ್ತಾ ಇರುತ್ತದೆ. ಗುರುತಿಗೆ ಹಾಕಿದ ಬಟ್ಟೆಯೇ ತೊಂದರೆ ತರೋದೂ ಉಂಟು. 2024ರ ಮಾರ್ಚ್‌ನಲ್ಲಿ ಜೊಮ್ಯಾಟೊ ಸಸ್ಯಾಹಾರ ತಲುಪಿಸುವವರಿಗೆ ಬೇರೆ ಹಸಿರು ಅಂಗಿ ಅಂತ ಹೇಳಿತು. ಹಾಗಾದರೆ ಕೆಂಪು ಅಂಗಿಯ ಹುಡುಗರನ್ನು ಅಪಾರ್ಟ್‌ಮೆಂಟಿನವರು ಒಳಗೆ ಬಿಡದೇ ಇದ್ದರೆ ಏನು ಗತಿ ಅಂತ ಜನ ಕೇಳಿದರು. ಮಾರನೇ ದಿನವೇ ಎಲ್ಲರಿಗೂ ಕೆಂಪು ಅಂಗಿಯೇ ಅಂತಾಯ್ತು. ಸದ್ಯ, ಕೇಳಿಸಿಕೊಂಡರು.

1993ರಲ್ಲಿ ಹೊಸ ಖಾಸಗಿ ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕ್ ದಾರಿ ತೆರೆಯಿತು. ಮುಂದಿನ ಕೆಲವು ವರ್ಷಗಳಲ್ಲಿ ಅವು ನಮ್ಮ ಜಿಲ್ಲಾ ಕೇಂದ್ರಗಳಿಗೂ ಬಂದವು. ಗಾಜಿನ ಬಾಗಿಲು, ಎ.ಸಿ., ಟೈ. ದಾವಣಗೆರೆಯ ಏಪ್ರಿಲ್ ಬಿಸಿಲಲ್ಲಿ ಬೈಕಿನಲ್ಲಿ ಟೈ ಕಟ್ಟಿಕೊಂಡು ಓಡಾಡುವ ಹುಡುಗರನ್ನು ನೋಡಿ ನನಗೆ ಅಯ್ಯೋ ಅನ್ನಿಸುತ್ತಿತ್ತು. ಕೆಲಸ ಬೇಗ ಆಗುತ್ತಿತ್ತು, ಅದನ್ನು ಒಪ್ಪಬೇಕು. ‘ಗುಡ್ ಮಾರ್ನಿಂಗ್ ಸರ್’ ಅಂತ ಎದ್ದು ನಿಲ್ಲುತ್ತಿದ್ದರು. ನಾವೂ ಅವರನ್ನು ನೋಡಿ ಕಲಿತೆವು. ನಮ್ಮಲ್ಲೂ ನೆಲಕ್ಕೆ ಹೊಳೆಯುವ ಟೈಲ್ಸ್ ಬಂತು, ಐಡಿ ಕಾರ್ಡು ಕುತ್ತಿಗೆಗೆ ಬಂತು, ಇಸ್ತ್ರಿ, ಶೇವಿಂಗ್, ಶೂ ಬಗ್ಗೆ ಸುತ್ತೋಲೆ ಬಂತು. ಹೊಳೆಯುವ ನೆಲ ಬಂದ ಮೇಲೆ ಬಾಗಿಲಲ್ಲಿ ಚಪ್ಪಲಿ ಬಿಡೋರು ಇನ್ನೂ ಜಾಸ್ತಿಯಾದರು.

ಆ ಖಾಸಗಿ ಬ್ಯಾಂಕಿನ ಹುಡುಗರ ನಗುವಿನ ಹಿಂದೆ ಏನಿತ್ತು ಅಂತ ತಿಳಿದಿದ್ದು ನಮ್ಮ ಪಕ್ಕದ ಮನೆಯ ನಿವೃತ್ತ ಮೇಷ್ಟ್ರಿಂದ. ಯಾವ ಬ್ಯಾಂಕು ಅನ್ನೋದು ಇಲ್ಲಿ ಬೇಡ. ಮೂರು ಲಕ್ಷ ಎಫ್.ಡಿ. ಇಡಲು ಹೋಗಿದ್ದರು. ಟೈ ಕಟ್ಟಿದ ಹುಡುಗ ಕುರ್ಚಿ ಎಳೆದು ಕೊಟ್ಟ, ಕಾಫಿ ತರಿಸಿದ, ‘ಅಂಕಲ್, ನಿಮ್ಮ ಮಗನ ಥರ ಹೇಳ್ತೀನಿ’ ಅಂದ. ಮುಂದಿನ ವರ್ಷ ಎರಡನೇ ಕಂತು ಕಟ್ಟಿ ಅಂತ ಮೆಸೇಜ್ ಬಂದಾಗಲೇ ಮೇಷ್ಟ್ರಿಗೆ ಗೊತ್ತಾಗಿದ್ದು, ಅದು ಎಫ್.ಡಿ. ಅಲ್ಲ, ವರ್ಷಾ ವರ್ಷ ಮೂರು ಲಕ್ಷ ಕಟ್ಟಬೇಕಾದ ವಿಮೆ ಅಂತ. ಕಾಗದ ಹಿಡ್ಕೊಂಡು ನಮ್ಮ ಮನೆ ಜಗಲಿಯಲ್ಲಿ ಕೂತಿದ್ದರು. ‘ಎಷ್ಟು ಒಳ್ಳೇ ಹುಡುಗ ಇದ್ದ ಅಮ್ಮ’ ಅಂತ ಮತ್ತೆ ಮತ್ತೆ ಅದನ್ನೇ ಹೇಳ್ತಿದ್ದರು. ಹೋದ ಹಣಕ್ಕಿಂತ ಆ ಹುಡುಗ ಹೀಗೆ ಮಾಡಿದ ಅನ್ನೋದೇ ಅವರಿಗೆ ತಡೆಯೋಕೆ ಆಗಿರಲಿಲ್ಲ.

ಆ ಹುಡುಗನಿಗೆ ತಿಂಗಳಿಗಿಷ್ಟು ಅಂತ ಟಾರ್ಗೆಟ್ ಇತ್ತು, ಅದೂ ನಿಜ. ಟೈ, ಕಾಫಿ, ನಗು, ಎಲ್ಲವನ್ನೂ ಮಾರುವುದಕ್ಕೆ ಅಂತಲೇ ಕಲಿಸಿ ಕಳಿಸಿದ್ದರು. ಕೇಳಿಸಿಕೊಳ್ಳೋದನ್ನು ಮಾತ್ರ ಕಲಿಸಿರಲಿಲ್ಲ. ನಿಮ್ಮ ಮನೆಯ ಹಿರಿಯರಿಗೆ ಇದನ್ನು ಹೇಳಿ: ಹೀಗೆ ವಿಮೆ ಕೈಗೆ ಬಂದರೆ ಪಾಲಿಸಿ ಸಿಕ್ಕ 30 ದಿನದೊಳಗೆ ಬೇಡ ಅಂತ ವಾಪಸ್ ಕೊಡಬಹುದು, 2024ರಿಂದ ಈ ಅವಧಿ ಇದೆ. ಬ್ಯಾಂಕಿನ ಮೇಲೆ ದೂರಿದ್ದರೆ ಮೊದಲು ಬ್ಯಾಂಕಿಗೇ ಬರೆದು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿ ಅನ್ನಿಸದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್, ಅಂದರೆ ಗ್ರಾಹಕರ ದೂರು ಕೇಳುವ ಅಧಿಕಾರಿ, ಇದ್ದಾರೆ. ದುಡ್ಡು ಕೊಡಬೇಕಾಗಿಲ್ಲ, 14448ಕ್ಕೆ ಫೋನ್ ಮಾಡಿದರೆ ಹೇಗೆ ಅಂತ ಹೇಳ್ತಾರೆ.

ಇಷ್ಟು ವರ್ಷದಲ್ಲಿ ನನಗೆ ಅನ್ನಿಸಿದ್ದು ಇದು. ಬಟ್ಟೆಗೆ ನಿಯಮ ಮಾಡೋದು ಸುಲಭ, ಖರ್ಚಿಲ್ಲ. ಒಂದು ಸುತ್ತೋಲೆ ಸಾಕು. ಕೌಂಟರಿನ ಮುಂದೆ ನಿಂತ ಒಬ್ಬ ಮನುಷ್ಯನಿಗೆ ಹತ್ತು ನಿಮಿಷ ಕೊಡೋದು ದುಬಾರಿ. ಅದಕ್ಕೆ ಇನ್ನೊಬ್ಬ ಕ್ಲರ್ಕ್ ಬೇಕು, ಅವರ ಭಾಷೆ ಬರುವವರು ಬೇಕು, ‘ಇದನ್ನು ನಾನೇ ಸರಿಮಾಡ್ತೀನಿ’ ಅನ್ನುವ ಅಧಿಕಾರ ಕೆಳಗಿನವರ ಕೈಯಲ್ಲಿ ಬೇಕು. ಹಾಗಾಗಿ ಸಂಸ್ಥೆಗಳು ಸೇವೆ ಸುಧಾರಿಸ್ತೀವಿ ಅಂತ ಹೊರಟು ಬಟ್ಟೆಯ ಹತ್ತಿರ ನಿಂತುಬಿಡ್ತವೆ.

ಬಾಗಿಲ ಕಾಯುವವರ ವಿಷಯದಲ್ಲಿ ಇದು ಇನ್ನೂ ಕೆಟ್ಟದಾಗಿ ಕಾಣುತ್ತದೆ. 2024ರ ಫೆಬ್ರವರಿಯಲ್ಲಿ ಬೆಂಗಳೂರಿನ ರಾಜಾಜಿನಗರ ಮೆಟ್ರೋ ನಿಲ್ದಾಣದಲ್ಲಿ ಬಟ್ಟೆ ಕೊಳೆಯಾಗಿದೆ ಅಂತ ತಲೆ ಮೇಲೆ ಮೂಟೆ ಹೊತ್ತ ರೈತರೊಬ್ಬರನ್ನು ತಡೆದರು, ಕೈಯಲ್ಲಿ ಟಿಕೆಟ್ ಇದ್ದರೂ. ಜೊತೆಯ ಪ್ರಯಾಣಿಕರು ಜಗಳ ಮಾಡಿ ಕರೆದುಕೊಂಡು ಹೋದರು. ಅದೇ ವರ್ಷ ಜುಲೈನಲ್ಲಿ ಮಾಗಡಿ ರಸ್ತೆಯ ಮಾಲ್ ಒಂದರಲ್ಲಿ ಮಗನ ಜೊತೆ ಸಿನಿಮಾ ನೋಡಲು ಬಂದ ಹಾವೇರಿ ಕಡೆಯ ರೈತರನ್ನು ಪಂಚೆ ಉಟ್ಟಿದ್ದಾರೆ ಅಂತ ಒಳಗೆ ಬಿಡಲಿಲ್ಲ. ಸರ್ಕಾರ ಏಳು ದಿನ ಮಾಲ್ ಮುಚ್ಚಿಸಿತು. ಪಂಚೆಗೆ ಪ್ರವೇಶ ಇಲ್ಲ ಅಂತ ಕರ್ನಾಟಕದಲ್ಲಿ ನಿಂತು ಹೇಳೋದು ಅಂದರೆ! ನನಗೆ ಸಿಟ್ಟು ಬಂತು, ನಿಮಗೂ ಬಂದಿರುತ್ತದೆ. ಆದರೆ ಒಂದು ಮಾತು. ಮೆಟ್ರೋದಲ್ಲಿ ಕೆಲಸ ಕಳೆದುಕೊಂಡಿದ್ದು ಸೆಕ್ಯೂರಿಟಿಯವರು. ದಿನಕ್ಕೆ ಹನ್ನೆರಡು ಗಂಟೆ ನಿಲ್ಲುವ, ಊರಲ್ಲಿ ಪಂಚೆ ಉಟ್ಟ ಅಪ್ಪ ಇರುವ ಜನವೇ ಇಂಥ ಕೆಲಸಕ್ಕೆ ಬರೋದು. ಯಾರನ್ನು ಬಿಡಬೇಕು, ಯಾರನ್ನು ಬಿಡಬಾರದು ಅಂತ ಅವರಿಗೆ ಯಾರು ಏನು ಕಲಿಸಿದ್ದರು? ಅದನ್ನು ಕೇಳದೆ ಅವರನ್ನು ಮನೆಗೆ ಕಳಿಸಿದರೆ ಏನು ಬದಲಾಗುತ್ತದೆ?

ಯಾಕೆ ಹೀಗೆ ಹೇಳ್ತೀನಿ ಅಂದರೆ, ನಾನೂ ಹೀಗೆ ಮಾಡಿದ್ದೇನೆ. ಆಗ ನಾನು ಆಫೀಸರ್ ಆಗಿದ್ದೆ. ಅಡಿಕೆ ಕೊಯ್ಲಿನ ದಿನ. ಶಾಖೆ ತುಂಬಾ ಜನ. ಹರಿದ ಬನಿಯನ್ನು, ಮೊಣಕಾಲಿಗೆ ಎತ್ತಿ ಕಟ್ಟಿದ ಪಂಚೆಯಲ್ಲಿದ್ದ ಒಬ್ಬ ಅಜ್ಜ ಕೌಂಟರಿಗೆ ಬಂದರು. ಹಸಿ ಅಡಿಕೆ ಸುಲಿದು ಬೆರಳೆಲ್ಲ ಕಪ್ಪು. ನಾನು ತಲೆ ಎತ್ತಿ ನೋಡಿ, ‘ಸಾಲದ ವಿಷಯ ಆದರೆ ಸೋಮವಾರ ಬನ್ನಿ’ ಅಂದುಬಿಟ್ಟೆ. ಅವರು ಬಾಯಿ ತೆರೆದಿರಲೇ ಇಲ್ಲ. ‘ಸರಿ ಅಮ್ಮ’ ಅಂತ ಹೋದರು. ಸೋಮವಾರ ಬಂದರು. ಅವರಿಗೆ ಬೇಕಾಗಿದ್ದಿದ್ದು ತಮ್ಮ ಖಾತೆಯಿಂದ ಮುನ್ನೂರು ರೂಪಾಯಿ. ಶುಕ್ರವಾರ ಹೆಂಡತಿಯ ಮಾತ್ರೆಗೆ ಬೇಕಿತ್ತಂತೆ. ಅಕ್ಕಪಕ್ಕದಲ್ಲಿ ಸಾಲ ಮಾಡಿ ತಂದರಂತೆ.

ಇಂಥ ಕಥೆಗಳಲ್ಲಿ ಸಾಮಾನ್ಯವಾಗಿ ಆ ಅಜ್ಜ ಲಕ್ಷಾಧಿಪತಿ ಆಗಿರ್ತಾರೆ, ಬಟ್ಟೆ ನೋಡಿ ಮೋಸ ಹೋಗಬೇಡಿ ಅಂತ ಹೇಳ್ತಾರೆ. ನಮ್ಮ ಅಜ್ಜನ ಖಾತೆಯಲ್ಲಿ ಎಂಟುನೂರು ಚಿಲ್ಲರೆ ಇತ್ತು. ಅವರು ಕಂಡ ಹಾಗೇ ಬಡವರು. ಅವರ ಬಟ್ಟೆ ಸುಳ್ಳು ಹೇಳಿರಲಿಲ್ಲ, ನಾನೇ ತಪ್ಪು ಮಾಡಿದ್ದೆ.

ಇನ್ನೊಂದು ದಿನ ನೆನಪಿದೆ. 2016ರ ನವೆಂಬರ್ 8ರ ರಾತ್ರಿ ನೋಟು ರದ್ದಾಯ್ತಲ್ಲ, ಅದಾದ ಮೇಲಿನ ವಾರಗಳು. ಬೆಳಿಗ್ಗೆ ಏಳಕ್ಕೇ ಸಾಲು. ನಾವು ರಾತ್ರಿ ಹನ್ನೊಂದಕ್ಕೆ ಮನೆಗೆ ಹೋಗಿ ಬೆಳಿಗ್ಗೆ ಮತ್ತೆ ಬರೋದು. ಹಳೇ ನೋಟು ಎಣಿಸಿ ಎಣಿಸಿ ಬೆರಳು ಕಪ್ಪಾಗಿತ್ತು. ನೋಟು ಬದಲಿಸಿಕೊಂಡವರ ಬೆರಳಿಗೆ ಮೈಸೂರು ಪೇಂಟ್ಸ್‌ನವರ ಆ ಚುನಾವಣೆ ಶಾಯಿ ಹಾಕಬೇಕಿತ್ತು. ಅದು ನನ್ನ ಸೀರೆಗೂ ಚೆಲ್ಲಿತು, ಇವತ್ತಿಗೂ ಹೋಗಿಲ್ಲ. ಯಾರಿಗೂ ಇಸ್ತ್ರಿ ಇಲ್ಲ, ನಮ್ಮ ಮ್ಯಾನೇಜರ್ ಒಂದು ವಾರ ಶೇವ್ ಮಾಡಿರಲಿಲ್ಲ. ಸಾಲಿನಲ್ಲಿದ್ದವರು ನಮಗೇ ನೀರು ತಂದುಕೊಟ್ಟರು. ಒಬ್ಬಾಕೆ ಮನೆಯಿಂದ ಕಡುಬು ತಂದಿದ್ದಳು. ಕೊನೆಗೆ ಹಣ ಮುಗಿದು ಬರಿಗೈಲಿ ಕಳಿಸಿದವರೂ ಎಷ್ಟೋ ಜನ. ಆದರೂ ಅವತ್ತು ಯಾರೂ ಯಾರ ಬಟ್ಟೆಯನ್ನೂ ನೋಡಲಿಲ್ಲ.

2019ರಲ್ಲಿ ವಿಜಯಾ, 2020ರಲ್ಲಿ ಸಿಂಡಿಕೇಟ್ ಮತ್ತು ಕಾರ್ಪೊರೇಷನ್, ಈ ಹೆಸರುಗಳೇ ಹೋದವು. ವಿಲೀನ ಆಯ್ತು. ಬೋರ್ಡಿನ ಬಣ್ಣ ಬದಲಾಯ್ತು. ಎಲ್ಲೆಲ್ಲಿಂದಲೋ ಆಫೀಸರುಗಳು ಬಂದರು. ನನ್ನ ಕೊನೆಯ ಶಾಖೆಗೆ ಬಿಹಾರದ ಹುಡುಗನೊಬ್ಬ ಬಂದ. ದಿನಾ ಗರಿಗರಿ ಶರ್ಟು. ಮೊದಲ ವಾರ ಜನ ಅವನ ಕೌಂಟರ್ ಬಿಟ್ಟು ನನ್ನ ಹತ್ತಿರ ಸಾಲು ನಿಂತರು. ಅವನಿಗೆ ಅವಮಾನ ಆಯ್ತು, ನನಗೆ ಸುಸ್ತಾಯ್ತು. ಸಂಜೆ ಕೂರಿಸಿ ಹತ್ತು ಮಾತು ಕಲಿಸಿದೆ. ಕೂತ್ಕೊಳ್ಳಿ. ಎಷ್ಟು ಬೇಕು. ಪಾಸ್‌ಬುಕ್ ತಂದಿದ್ದೀರಾ. ಇಲ್ಲಿ ಸಹಿ. ಸ್ವಲ್ಪ ತಡೀರಿ. ಮೂರು ತಿಂಗಳಾದ ಮೇಲೆ ಅಜ್ಜಿಯರೇ ಅವನಿಗೆ ಉಳಿದಿದ್ದನ್ನು ಕಲಿಸಿದರು. ಅವನು ಕಲಿಯೋಕೆ ಸಿದ್ಧ ಇದ್ದ. ಆದರೆ ಭಾಷೆ ಬಾರದವರನ್ನು ಹಳ್ಳಿ ಕೌಂಟರಿಗೆ ಸುಮ್ನೆ ಕಳಿಸಿಬಿಟ್ಟು, ಕಲಿಯೋಕೆ ಒಂದು ವಾರವೂ ಬಿಡುವು ಕೊಡದೇ ಇರೋದು ಸರಿಯಾ? ಇದೂ ಹತ್ತು ನಿಮಿಷದ ಲೆಕ್ಕವೇ.

ಈಗ ಎಲ್ಲ ಮೊಬೈಲ್‌ನಲ್ಲಿ ಆಗುತ್ತಲ್ಲ ಮೇಡಂ, ಇನ್ನು ಕೌಂಟರ್ ಯಾಕೆ ಅಂತ ನೀವು ಕೇಳಬಹುದು. ನಿಮಗೆ ಆಗುತ್ತದೆ. ಹಳ್ಳಿಯಲ್ಲಿ ಬ್ಯಾಂಕ್ ಮಿತ್ರ ಪುಟ್ಟ ಮಶೀನ್ ಹಿಡಿದು ಬರ್ತಾರೆ, ಹೆಬ್ಬೆರಳು ಒತ್ತಿದರೆ ಹಣ. ಪಿಗ್ಮಿಯವರ ಮೊಮ್ಮಕ್ಕಳು ಇವರು, ನನಗೆ ಇವರನ್ನು ಕಂಡರೆ ಸಂತೋಷ. ಆದರೆ ಮೆಟ್ಟುಗತ್ತಿಯಲ್ಲಿ ಹತ್ತಾರು ವರ್ಷ ಅಡಿಕೆ ಸುಲಿದ ಹೆಬ್ಬೆರಳಲ್ಲಿ ಗೆರೆಯೇ ಸವೆದಿರುತ್ತದೆ. ಒತ್ತಿದರೆ ಮಶೀನ್ ಇಲ್ಲ ಅನ್ನುತ್ತದೆ. ಒರೆಸಿ ಮತ್ತೆ ಒತ್ತು, ಇನ್ನೊಂದು ಬೆರಳು ಒತ್ತು. ಹಿಂದೆ ಸಾಲು ಬೆಳೆಯುತ್ತದೆ, ಅವರ ಮುಖ ಸಣ್ಣದಾಗುತ್ತದೆ. 70 ದಾಟಿದವರಿಗೆ, ಅಂಗವಿಕಲರಿಗೆ ಮನೆ ಬಾಗಿಲಲ್ಲೇ ಸೇವೆ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ 2017ರಲ್ಲಿ ಸುತ್ತೋಲೆ ಹೊರಡಿಸಿದೆ. ನಿಮ್ಮ ಊರಿನ ಎಷ್ಟು ಜನ ಅಜ್ಜ ಅಜ್ಜಿಯರಿಗೆ ಇದು ಗೊತ್ತು? ಇವತ್ತು ಮನೆಗೆ ಹೋಗಿ ಹೇಳಿ.

ಮಾತು ಮುಗಿದ ಮೇಲೆ ಕೊನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು, ‘ಮೇಡಂ, ಬ್ಯಾಂಕ್ ಇಂಟರ್‌ವ್ಯೂಗೆ ಏನು ಹಾಕ್ಕೊಂಡು ಹೋಗ್ಬೇಕು?’ ಅಂತ ಕೇಳಿದಳು. ಒಗೆದಿದ್ದು, ಇಸ್ತ್ರಿ ಮಾಡಿದ್ದು, ನಿನಗೆ ಓಡಾಡೋಕೆ ಆಗೋದು ಹಾಕಿಕೊಂಡು ಹೋಗು ಅಂದೆ. ಹೊಸದೇ ಬೇಕಾಗಿಲ್ಲ. ಕೆಲಸ ಸಿಕ್ಕ ಮೇಲೆ ಏನು ತಗೊಳ್ಳಬೇಕು ಅಂತಲೂ ಹೇಳಿದೆ. ಒಂದು ಓದುವ ಕನ್ನಡಕ. ನಿನಗಲ್ಲ, ಕೌಂಟರಿಗೆ. ಸ್ಲಿಪ್ ತುಂಬಲು ಬರುವ ಎಷ್ಟೋ ಜನ ಕನ್ನಡಕ ಮನೆಯಲ್ಲಿ ಮರೆತು ಬಂದಿರ್ತಾರೆ, ಇಲ್ಲವೇ ಅವರ ಹತ್ತಿರ ಇರೋದೇ ಇಲ್ಲ. ಕಣ್ಣು ಕಾಣಲ್ಲ ಅನ್ನೋಕೆ ನಾಚಿಕೆ, ಬರೆಯೋಕೆ ಬರಲ್ಲ ಅಂತ ಸುಳ್ಳು ಹೇಳಿ ಹೆಬ್ಬೆಟ್ಟು ಒತ್ತಿ ಹೋಗ್ತಾರೆ. ನಾನು ಮೂರು ಬೇರೆ ಬೇರೆ ಪವರಿನ ಕನ್ನಡಕ ತಂದು, ಪೆನ್ನಿಗೆ ಕಟ್ಟುವ ಹಾಗೆ ದಾರ ಕಟ್ಟಿ ಸ್ಲಿಪ್ ಬರೆಯುವ ಮೇಜಿನ ಮೇಲೆ ಇಟ್ಟಿದ್ದೆ. ನಿವೃತ್ತಿಯ ದಿನ ಅಲ್ಲೇ ಬಿಟ್ಟು ಬಂದೆ. ಹೋದ ತಿಂಗಳು ಪಾಸ್‌ಬುಕ್ ಎಂಟ್ರಿ ಮಾಡಿಸೋಕೆ ಹೋಗಿದ್ದೆ. ಎರಡು ಇನ್ನೂ ಅಲ್ಲೇ ಇದ್ದವು. ದಾರ ಹೊಸದು.